ಬೆನ್ನಿನ ಮಣ್ಣು

ವರ್ಷಕ್ಕೊಮ್ಮೆ ನಾನು ಅಮೃತಾಪುರಕ್ಕೆ ಹೋಗುತ್ತೇನೆ. ಅಮೃತೇಶ್ವರನ ದರ್ಶನಕ್ಕೆಂದು ನೆರೆಮನೆಯವರಿಗೆ ಹೇಳುತ್ತೇನೆ. ಅಕ್ಕನನ್ನು ನೋಡಿಕೊಂಡು ಬರುತ್ತೇನೆಂದು ಮನೆಯವಳಿಗೆ ಹೇಳುತ್ತೇನೆ. ಎರಡೂ ಸುಳ್ಳಲ್ಲ. ಆದರೆ ಬೆಂಗಳೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿ, ಬೀರೂರು ದಾಟುತ್ತಲೇ ಚೀಲ ಜೋಡಿಸಿಕೊಂಡು, ತರೀಕೆರೆಯಲ್ಲಿ ಇಳಿಯುವಾಗ ನನ್ನ ಮನಸ್ಸಿನಲ್ಲಿರುವುದು ದೇವರೂ ಅಲ್ಲ, ಅಕ್ಕನೂ ಅಲ್ಲ; ನಮ್ಮ ಭಾವನವರು. ಅವರೊಡನೆ ಕೂತು ಎರಡು ದಿನ ಹೊಟ್ಟೆ ತುಂಬ ಕುಸ್ತಿಯ ಮಾತಾಡಬೇಕು.

ನನ್ನ ಮೈಕಟ್ಟನ್ನು ಬಲ್ಲವರು ನಗುವ ಮೊದಲೇ ಹೇಳಿಬಿಡುತ್ತೇನೆ. ನಾನು ಕುಸ್ತಿ ಹಿಡಿದವನಲ್ಲ, ನೋಡಿದವನು. ಹಿಡಿದವರು ಭಾವನವರು. ಶಿವಮೊಗ್ಗದಲ್ಲಿ ನಾವು ಓದುತ್ತಿದ್ದಾಗ ಅವರು ನನಗಿಂತ ಎರಡು ವರ್ಷ ಮೇಲಿನ ತರಗತಿಯಲ್ಲಿದ್ದರು. ಕಾಲೇಜಿನ ಪೈಲ್ವಾನರೆಂದು ಹೆಸರು. ಈಗ ಅವರಿಗೆ ಮಂಡಿನೋವು, ನನಗೆ ಸಕ್ಕರೆ ಕಾಯಿಲೆ. ಅವರು ಮೆಟ್ಟಿಲು ಹತ್ತುವಾಗ ನನ್ನ ಹೆಗಲು ಹಿಡಿಯುತ್ತಾರೆ. ನಾನು ಅಕ್ಕ ಕೊಟ್ಟ ಹೋಳಿಗೆಯನ್ನು ಯಾರೂ ನೋಡದಾಗ ಅವರ ತಟ್ಟೆಗೆ ದಾಟಿಸುತ್ತೇನೆ. ಇಂಥ ಇಬ್ಬರು ಸೇರಿ ಗಾಮಾ ಪೈಲ್ವಾನನ ಕತ್ತಿನ ಬಲದ ವಿಷಯ ಚರ್ಚಿಸುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕಾದದ್ದೇ. ಅಕ್ಕನಂತೂ, "ಶುರುವಾಯ್ತಲ್ಲ ಇವರ ಅಖಾಡ!" ಎಂದು ಒಳಗೆ ಹೋಗಿಬಿಡುತ್ತಾಳೆ.

ನಮ್ಮ ಅಖಾಡ ದೇವಸ್ಥಾನದ ದೊಡ್ಡ ಮಂಟಪ. ಸಂಜೆಯ ಬಿಸಿಲು ಇಳಿದಮೇಲೆ ಅಲ್ಲಿ ಹೋಗಿ ಜಗಲಿಯ ಮೇಲೆ ಕೂರುತ್ತೇವೆ. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಗುಡಿ ಇದು. ಇಲ್ಲಿನ ಕಲ್ಲುಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಮೇಲ್ಛಾವಣಿಯ ಕೆತ್ತನೆಯಲ್ಲಿ ಮಲ್ಲಿತಮ್ಮನ ಕೈಚಳಕವಿದೆ. ನಯವಾಗಿ ಕಡೆದ ಕಂಬಗಳ ಸಾಲು ನೋಡಲು ದೂರದೂರದಿಂದ ಜನ ಬರುತ್ತಾರೆ. ನಮ್ಮ ಭಾವನವರು ಬಂದವರನ್ನು ಕರೆದುಕೊಂಡು ಹೋಗಿ ಮೊದಲು ತೋರಿಸುವುದು ಮಾತ್ರ ಶಿಖರದ ಮುಂದಿರುವ ಸಳನ ವಿಗ್ರಹವನ್ನು. ಸಿಂಹದೊಡನೆ ಸೆಣಸುತ್ತಿರುವ ಸಳ.

"ನೋಡಿ, ಇದಕ್ಕೆ ತೂಕದ ವರ್ಗ ಇಲ್ಲ, ಹೊತ್ತಿನ ಕಟ್ಟೂ ಇಲ್ಲ. ಗೆದ್ದರೆ ರಾಜ್ಯ, ಸೋತರೆ ಸಿಂಹಕ್ಕೆ ಊಟ. ಪಕ್ಕದಲ್ಲಿ ನಿಂತು 'ಹೊಯ್ ಸಳ' ಅಂತ ಕೂಗಿದ ಗುರುಗಳಿದ್ದರಲ್ಲ, ಅವರೇ ಕರ್ನಾಟಕದ ಮೊದಲನೆಯ ಕೋಚು!" ಎಂದು ಅವರು ಹೇಳಿದರೆ ಬಂದವರು ನಗುತ್ತಾರೆ. ಸಳನ ಕಥೆ ನಡೆದದ್ದೆನ್ನುವ ಅಂಗಡಿಯೂ ನಮ್ಮ ಚಿಕ್ಕಮಗಳೂರು ಜಿಲ್ಲೆಯದೇ ಆದ್ದರಿಂದ ಈ ಮಾತನ್ನು ಅವರು ತಮ್ಮ ಸ್ವಂತ ಮನೆತನದ ವಿಷಯವೆಂಬಂತೆ ಹೇಳುತ್ತಾರೆ.

ಗುಡಿಯ ಹೊರಗೋಡೆಯ ಫಲಕಗಳಲ್ಲಿ ಒಂದು ಕಡೆ ರಾಮಾಯಣ, ಇನ್ನೊಂದು ಕಡೆ ಕೃಷ್ಣನ ಕಥೆ ಮತ್ತು ಮಹಾಭಾರತ. ಕೈಕೈ ಹಿಡಿದ ಇಬ್ಬರು ಎಲ್ಲಿ ಕಂಡರೂ ಭಾವನವರು, "ಇದು ಯಾವ ಪಟ್ಟು ಹೇಳು ನೋಡೋಣ" ಎನ್ನುತ್ತಾರೆ. ಶಿಲ್ಪಶಾಸ್ತ್ರ ಬಲ್ಲವರು ಏನು ಹೇಳುತ್ತಾರೋ ಕಾಣೆ. ನನಗಂತೂ ಈ ಗುಡಿಯ ಅರ್ಧಭಾಗ ಗರಡಿಯಾಗಿಯೇ ಪರಿಚಯ.

ಭಾವನವರ ಪಾಠ ಶುರುವಾಗುವುದು ಯಾವಾಗಲೂ ಹಳೆಯ ಕಾನೂನಿನಿಂದ. "ಹಳೇ ಕಾನೂನು ಎಷ್ಟು ಉದ್ದ ಗೊತ್ತೇನಯ್ಯ? ಒಂದೇ ಒಂದು ವಾಕ್ಯ. ಬೆನ್ನು ಮಣ್ಣಿಗೆ ಹತ್ತಿದವನು ಸೋತ. ಮುಗೀತು."

ಈ ಮಾತಿನಲ್ಲಿ ಉತ್ಪ್ರೇಕ್ಷೆ ಹೆಚ್ಚಿಲ್ಲ. ಊರ ಜಾತ್ರೆಯ ಕುಸ್ತಿಯನ್ನು ನೋಡಿದವರಿಗೆ ಅದು ಗೊತ್ತು. ಹುಡುಗರು ಒಬ್ಬೊಬ್ಬರಾಗಿ ಬಂದು ನಿಲ್ಲುವರು. ಪಂಚರು ಅವರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಎತ್ತರ ನೋಡಿ, ಎದೆ ನೋಡಿ, ತೋಳು ಮುಟ್ಟಿ, "ಈ ಜೋಡಿ ಆಗುತ್ತೆ" ಎಂದರೆ ಆಯಿತು. ತಕ್ಕಡಿಯ ಮಾತೇ ಇಲ್ಲ. ಪಂಚರ ಕಣ್ಣೇ ತಕ್ಕಡಿ. ಇಂಥ ವಿಂಗಡಣೆ ನಮ್ಮ ನಾಡಿಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆದಾಗಲೇ ಅದರಲ್ಲಿ ಮಲ್ಲವಿನೋದಕ್ಕೆ ಒಂದು ಭಾಗವನ್ನು ಮೀಸಲಿಟ್ಟು, ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ, ಕುಶಲತೆಗಳನ್ನು ನೋಡಿ ಬೇರೆಬೇರೆ ಮಾಡಿದ್ದಾನೆ. ಜೋಡಿ ಕಟ್ಟಿದಮೇಲೆ ತಮಟೆ. ಗುದ್ದಬಾರದು, ಕಚ್ಚಬಾರದು, ಬೆರಳು ತಿರುಚಬಾರದು. ಗಡಿಯಾರ ಯಾರ ಕೈಯಲ್ಲೂ ಇಲ್ಲ. ಇಬ್ಬರೂ ದಣಿದು ಯಾರೂ ಬೀಳದಿದ್ದರೆ ಪಂಚರು ಕೈಯೆತ್ತಿ "ಸಮ" ಎಂದು ಬಿಡಿಸುವರು. ಚಿಕ್ಕ ಹುಡುಗರಿಗೆ ತೆಂಗಿನಕಾಯಿ, ಕೊನೆಯ ಜೋಡಿಯಲ್ಲಿ ಗೆದ್ದವನಿಗೆ ಬೆಳ್ಳಿಯ ಕಡಗ.

ಅಂಥ ಕಣದ ಮಣ್ಣು ಬರಿಯ ಮಣ್ಣಲ್ಲ. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲು ಬೇರು ಆರಿಸಿ, ಎಣ್ಣೆ, ಮಜ್ಜಿಗೆ, ನಿಂಬೆಹಣ್ಣಿನ ರಸ, ಅರಿಸಿನ ಹಾಕಿ ಹದಮಾಡಿದ ಮಟ್ಟಿ. ಭಾವನವರು ಬೆಳೆದ ಗರಡಿಯಲ್ಲಿ ಹುಡುಗರಿಗೆ ಮೊದಲ ಕೆಲವು ತಿಂಗಳು ಕುಸ್ತಿ ಕಲಿಸುತ್ತಲೇ ಇರಲಿಲ್ಲವಂತೆ. ಬೆಳಗಿನ ಜಾವ ಎದ್ದು ಸನಿಕೆ ಹಿಡಿದು ಆ ಮಣ್ಣನ್ನು ಅಗೆದು ಸಮಮಾಡುವುದೇ ಪಾಠ. ಆಮೇಲೆ ದಂಡೆ, ಬಸ್ಕಿ. ಆಮೇಲೆ ಆಂಜನೇಯನಿಗೆ ಕೈಮುಗಿದು, ಮಣ್ಣನ್ನು ಹಣೆಗೆ ಒತ್ತಿಕೊಂಡು ಒಳಗೆ ಕಾಲಿಡಬೇಕು. ಹಿಡಿತ ಜಾರದಿರಲೆಂದು ಎದುರಾಳಿಯ ಮೈಗೆ ನೀನು ಮಣ್ಣು ಹಾಕಬೇಕು, ನಿನ್ನ ಮೈಗೆ ಅವನು ಹಾಕಬೇಕು.

"ಹಾಗಾದರೆ ಮೈಯೆಲ್ಲ ಮಣ್ಣೇ ಆಯಿತಲ್ಲ ಭಾವ. ಸೋತವನ ಬೆನ್ನಿನ ಮಣ್ಣು ಯಾವುದು ಅಂತ ಹೇಗೆ ಗೊತ್ತಾಗಬೇಕು?" ಎಂದು ಬಹಳ ಹಿಂದೆ ನಾನು ಒಂದು ಸಲ ಕೇಳಿದ್ದೆ.

"ಹಾಕಿದ ಮಣ್ಣು ಬೇರೆ, ಹತ್ತಿದ ಮಣ್ಣು ಬೇರೆ ಕಣಯ್ಯ. ಹಾಕಿದ್ದು ಧೂಳು. ಹತ್ತಿದ್ದು ಮುದ್ರೆ. ಬೆವರಿದ ಬೆನ್ನು ಮಟ್ಟಿಗೆ ಒತ್ತಿತು ಅಂದರೆ ಎರಡು ಹೆಗಲ ಮೇಲೂ ಸೀಲು ಹಾಕಿದ ಹಾಗೆ ಕೂತಿರುತ್ತೆ. ಸೋತವನು ಎದ್ದು ತಿರುಗಿದರೆ ಸಾಕು, ಕಡೇ ಸಾಲಿನಲ್ಲಿ ಕಡಲೆಕಾಯಿ ಮಾರೋ ಮುದುಕಿಗೂ ಗೊತ್ತಾಗುತ್ತೆ."

ಈ ಉತ್ತರ ನನ್ನ ಮನಸ್ಸಿನಲ್ಲಿ ನಿಂತಿತು. ಹಳೆಯ ಕಾಲದವರು ನಮಗಿಂತ ಹೆಚ್ಚು ಸತ್ಯವಂತರಾಗಿದ್ದರೆಂದು ನಾನು ಹೇಳಲಾರೆ. ಆದರೆ ಸೋಲು ಗೆಲವುಗಳಿಗೆ ಎಲ್ಲರ ಕಣ್ಣಿಗೂ ಬೀಳುವ ಗುರುತನ್ನು ಅವರು ಇಟ್ಟುಕೊಂಡಿದ್ದರು. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ನೋಡಿ. ತಲೆ ಬೋಳಿಸಿ ಜುಟ್ಟು ಬಿಟ್ಟ ಜಟ್ಟಿಗಳು ಬೆರಳಿಗೆ ಆಯುಧ ಧರಿಸಿ ಕಣಕ್ಕೆ ಇಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಕಂಡಕೂಡಲೇ ಕಾಳಗ ಮುಗಿಯಿತು. ಇನ್ನು ವಾದವಿಲ್ಲ. ಅಲ್ಲಿ ರಕ್ತ, ಇಲ್ಲಿ ಮಣ್ಣು. ತೀರ್ಪು ಕೊಡುವವನು ಕಣ್ಣು ಮುಚ್ಚಿಕೊಂಡಿದ್ದರೂ ಗುರುತು ಸುಮ್ಮನಿರುವುದಿಲ್ಲ.

ಮಣ್ಣು ಬಿಟ್ಟು ಮ್ಯಾಟಿಗೆ ಬಂದದ್ದೇ ಕುಸ್ತಿಯ ಕಾನೂನು ದಪ್ಪವಾಗಲು ಕಾರಣವೆಂಬುದು ಭಾವನವರ ಸಿದ್ಧಾಂತ. ಇದಕ್ಕೆ ಅವರ ಮೊದಲ ಸಾಕ್ಷಿ ಗಾಮಾ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾನಿಗೂ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೋನಿಗೂ ಜೋಡಿಯಾಯಿತು. ಜ್ಬಿಸ್ಕೋ ಮ್ಯಾಟನ್ನು ತಬ್ಬಿಕೊಂಡು ಬಹುಮಟ್ಟಿಗೆ ಬೋರಲಾಗಿಯೇ ಕಳೆದ. ಎರಡೂವರೆ ಗಂಟೆಗೂ ಮೀರಿ ನಡೆದರೂ ಇತ್ಯರ್ಥವಾಗಲಿಲ್ಲ. ಮುಂದಿನ ವಾರ ಮತ್ತೆ ಬರಬೇಕಾಗಿದ್ದವನು ಬರಲೇ ಇಲ್ಲವಾಗಿ ಗಾಮಾ ಗೆದ್ದನೆಂದು ಸಾರಿದರು. ಅದೇ ಜೋಡಿ 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಸೇರಿದಾಗ ಒಂದು ನಿಮಿಷದೊಳಗೆ ಜ್ಬಿಸ್ಕೋನ ಬೆನ್ನು ನೆಲ ಕಂಡಿತು. "ನೋಡಿದೆಯಾ, ಮ್ಯಾಟಿನ ಮೇಲೆ ಎರಡೂವರೆ ಗಂಟೆ, ಮಣ್ಣಿನ ಮೇಲೆ ಒಂದು ನಿಮಿಷ" ಎಂದು ಭಾವನವರು ತೊಡೆ ತಟ್ಟುತ್ತಾರೆ. ಹದಿನೆಂಟು ವರ್ಷದಲ್ಲಿ ಜ್ಬಿಸ್ಕೋನಿಗೂ ವಯಸ್ಸಾಗಿತ್ತಲ್ಲ ಎಂದು ನಾನು ಹೇಳುತ್ತೇನೆ. "ಗಾಮಾನಿಗೆ ಆಗಿರಲಿಲ್ಲವೇ?" ಎಂದು ಅವರು. ಈ ವಾದ ಇನ್ನೂ ಸಮದಲ್ಲಿಯೇ ಇದೆ.

ಎರಡನೆಯ ಸಾಕ್ಷಿ ಖಾಶಾಬಾ ಜಾಧವ್. ಇದು ನನಗೂ ಪ್ರಿಯವಾದ ಕಥೆ, ಏಕೆಂದರೆ ಇದು ಕಾಲೇಜಿನಿಂದ ಹೊರಟ ಕುಸ್ತಿಯ ಕಥೆ. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದ ಹುಡುಗ. ಮಣ್ಣಿನಲ್ಲಿ ಬೆಳೆದವನು 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋಗಿ, ಅಭ್ಯಾಸವಿಲ್ಲದ ಮ್ಯಾಟಿನ ಮೇಲೂ ಆರನೆಯವನಾಗಿ ಬಂದ. 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕು, ಕೈಯಲ್ಲಿ ದುಡ್ಡಿಲ್ಲ. ಊರವರು ಚಂದಾ ಕೂಡಿಸಿದರು. ಅವನಿಗೆ ಪಾಠ ಹೇಳಿದ ಕಾಲೇಜಿನ ಪ್ರಿನ್ಸಿಪಾಲರಾದ ಖರ್ಡೇಕರರು ತಮ್ಮ ಮನೆಯನ್ನೇ ಅಡವಿಟ್ಟು 7000 ರೂಪಾಯಿ ತಂದುಕೊಟ್ಟರು. ಅವರ ನಂಬಿಕೆ ಸುಳ್ಳಾಗಲಿಲ್ಲ. ಜಾಧವ್ ಕಂಚಿನ ಪದಕ ತಂದ. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು.

ಆದರೆ ಭಾವನವರು ದನಿ ತಗ್ಗಿಸುವುದು ಪದಕದ ಮಾತಿಗಲ್ಲ. ಜಪಾನಿನ ಇಶಿಯೊಡನೆ ಬಹಳ ಹೊತ್ತು ಸೆಣಸಿ ಸೋತು ದಣಿದಿದ್ದ ಜಾಧವನನ್ನು ಕೂಡಲೇ ಸೋವಿಯತ್ ಒಕ್ಕೂಟದ ಮಮೆದ್‌ಬೇಕೋವನೊಡನೆ ಕಣಕ್ಕೆ ಇಳಿಯಲು ಹೇಳಿದರು. ಎರಡು ಜೋಡಿಗಳ ನಡುವೆ ಅರ್ಧ ಗಂಟೆಯ ಬಿಡುವು ಕೊಡಬೇಕೆಂದು ಪುಸ್ತಕದಲ್ಲಿತ್ತು. ಅದನ್ನು ಎತ್ತಿ ಹೇಳಲು ಭಾರತದ ಕಡೆಯ ಅಧಿಕಾರಿ ಯಾರೂ ಅಲ್ಲಿರಲಿಲ್ಲ.

"ಕಾನೂನು ಇತ್ತು. ಹೇಳೋರು ಇರಲಿಲ್ಲ" ಎನ್ನುತ್ತಾರೆ ಭಾವನವರು. ಪ್ರತಿ ವರ್ಷವೂ ಇಲ್ಲಿಗೆ ಬಂದಾಗ ಮಾತು ನಿಲ್ಲುತ್ತದೆ. ನಾನು ಕಂಬಗಳ ಕಡೆ ನೋಡುತ್ತೇನೆ, ಅವರು ಕೆರೆಯ ಕಡೆ ನೋಡುತ್ತಾರೆ. ಹೀಗೇಕೆಂಬುದು ಓದುಗರಿಗೆ ಮುಂದೆ ತಿಳಿಯುತ್ತದೆ.

ನಾವು ಓದುತ್ತಿದ್ದಾಗ ಕುವೆಂಪು ವಿಶ್ವವಿದ್ಯಾನಿಲಯ ಇರಲಿಲ್ಲ. ಅದು ಶಂಕರಘಟ್ಟದಲ್ಲಿ ಹುಟ್ಟಿದ್ದು 1987ರಲ್ಲಿ. ನಮ್ಮ ಕಾಲೇಜುಗಳೆಲ್ಲ ಮೈಸೂರು ಯೂನಿವರ್ಸಿಟಿಗೆ ಸೇರಿದ್ದವು. ಅಂತರ ಕಾಲೇಜು ಪಂದ್ಯಗಳೆಂದರೆ ನಮಗೆ ಹಬ್ಬ. ಕ್ರಿಕೆಟ್ಟಿಗೆ ಹೋಗುವವರು ಇಸ್ತ್ರಿ ಮಾಡಿದ ಷರಾಯಿ ಹಾಕಿಕೊಂಡು ಹೋಗುತ್ತಿದ್ದರು. ನಾವು ಕುಸ್ತಿಯವರು ಟವೆಲು ಸುತ್ತಿದ ತಲೆಯಲ್ಲೇ ಬಸ್ಸಿನ ಹಿಂದಿನ ಸೀಟು ಹಿಡಿಯುತ್ತಿದ್ದೆವು. ಅದುವರೆಗೆ ನಾನು ಕಂಡ ಕಾಲೇಜಿನ ಕುಸ್ತಿಗಳೆಲ್ಲ ಮಣ್ಣಿನಲ್ಲೇ ನಡೆದದ್ದು. 1970ರಲ್ಲಿ ಒಂದು ಊರಿನಲ್ಲಿ ಮೊದಲ ಬಾರಿಗೆ ಮ್ಯಾಟು ಹಾಸಿದರು. ಊರಿನ ಹೆಸರು ಇಲ್ಲಿ ಬೇಡ. ಮ್ಯಾಟೆಂದರೆ ಹಾಸಿಗೆಗಳನ್ನು ಜೋಡಿಸಿ ಮೇಲೆ ಕ್ಯಾನ್ವಾಸು ಬಿಗಿದದ್ದು. ನಮ್ಮ ಡ್ರಿಲ್ ಮೇಷ್ಟ್ರು ಅದನ್ನು ಒಂದು ಸುತ್ತು ಬಂದು, ಬೆರಳಿನಿಂದ ಒತ್ತಿ, "ಪರವಾಗಿಲ್ಲ, ಬಿದ್ದರೆ ನೋವಾಗೋದಿಲ್ಲ" ಎಂದರು. ಮೂರು ಮೂರು ನಿಮಿಷದ ಮೂರು ಸುತ್ತು, ಪಾಯಿಂಟಿನ ಲೆಕ್ಕ, ಮೇಜಿನ ಹಿಂದೆ ಕಾಗದ ಪೆನ್ಸಿಲು ಹಿಡಿದು ಕೂತವರು. ಎಲ್ಲವೂ ನಮಗೆ ಹೊಸದು.

ಕೊನೆಯ ಪಂದ್ಯ ಭಾವನವರಿಗೂ ಬಯಲುಸೀಮೆಯ ಕಡೆಯ ಒಬ್ಬ ಹುಡುಗನಿಗೂ ಬಿತ್ತು. ನೀಲಿ ಚಡ್ಡಿ, ಉದ್ದನೆಯ ತೋಳು, ಸಣ್ಣ ಸೊಂಟ. ಅವನ ಜೊತೆಗೆ ಮೇಷ್ಟ್ರೂ ಇರಲಿಲ್ಲ, ಗೆಳೆಯರೂ ಇರಲಿಲ್ಲ. ಒಂದು ಬಟ್ಟೆಯ ಚೀಲ ಹಿಡಿದು ಒಬ್ಬನೇ ಬಂದಿದ್ದ. ನಾವೋ ಮೂವತ್ತು ಜನ, ಮೂವತ್ತು ಗಂಟಲು. ಭಾವನವರನ್ನು ಆಗ ನಾನು ಅಣ್ಣ ಎನ್ನುತ್ತಿದ್ದೆ. ಮ್ಯಾಟಿನ ಒಂದು ಮೂಲೆಯಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, "ಹಿಡಿ ಅಣ್ಣಾ, ಹಿಡಿ!" ಎಂದು ಕೂಗಿದೆ. ಮೊದಲ ಸುತ್ತು ಸಮ ಹೋಯಿತು. ಎರಡನೆಯದರಲ್ಲಿ ಅವನು ಮುಂದೆ. ಮೂರನೆಯದರಲ್ಲಿ ಇನ್ನೇನು ಹೊತ್ತು ಮುಗಿಯಬೇಕು ಎನ್ನುವಾಗ ಭಾವನವರು ಅವನ ತೋಳನ್ನು ಸೆಳೆದು, ಒಳಗೆ ನುಗ್ಗಿ, ಹೆಗಲಮೇಲಿಂದ ಬಟ್ಟೆ ಒಗೆದಂತೆ ಒಗೆದರು. ಡೋಬಿ ಪಟ್ಟು! ಒಂದು ಪಾಯಿಂಟಿನಿಂದ ನಮ್ಮವರು ಗೆದ್ದರು. ಬಸ್ಸಿನ ಮೇಲೆ ಕುಣಿದುಕೊಂಡು ಶಿವಮೊಗ್ಗಕ್ಕೆ ಬಂದೆವು. ಭಾವನವರಿಗೆ ಯೂನಿವರ್ಸಿಟಿಯ ತಂಡದಲ್ಲಿ ಜಾಗ, ಬ್ಲೇಜರು, ಉತ್ತರದ ಕಡೆಗೆ ರೈಲಿನ ಪ್ರಯಾಣ ಎಲ್ಲವೂ ದೊರಕಿದವು. ಅಲ್ಲಿ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದದ್ದನ್ನು ಅವರು ಮುಚ್ಚಿಡುವುದಿಲ್ಲ. "ಅವನು ನನ್ನನ್ನು ಚಪಾತಿ ಹಾಗೆ ತಿರುವಿ ಹಾಕಿದ" ಎಂದು ತಾವೇ ನಗುತ್ತಾರೆ.

ಇದು ಐವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ನಡೆದುಬಂದ ಕಥೆ. ಮನೆಯ ಕಥೆಯೇಕೆಂದರೆ ಅದರಿಂದಲೇ ಮದುವೆಯೂ ನಡೆಯಿತು. ಅಕ್ಕನಿಗೆ ಗಂಡು ನೋಡುತ್ತಿದ್ದಾಗ ನಾನು ಅಪ್ಪನ ಮುಂದೆ ಈ ಹೆಸರು ಹೇಳಿದೆ. "ಪೈಲ್ವಾನನಿಗೆ ಹೆಣ್ಣು ಕೊಡುವುದೇ? ದಿನಕ್ಕೆ ಎಷ್ಟು ಸೇರು ಹಾಲು ಬೇಕೋ!" ಎಂದು ಅಪ್ಪ ಹೆದರಿದರು. ನಾನು ಬಿಡಲಿಲ್ಲ. ಆ ಕೊನೆಯ ಪಂದ್ಯವನ್ನು ಅಪ್ಪನಿಗೆ ಪಟ್ಟುಪಟ್ಟಾಗಿ ವರ್ಣಿಸಿದೆ. ತೋಟ ಇದೆ, ಬಿ.ಎ. ಇದೆ, ಮೇಲಾಗಿ ಎಲ್ಲರೆದುರಿಗೆ ಧರ್ಮವಾಗಿ ಗೆದ್ದ ಹುಡುಗ ಎಂದೆ. ಮದುವೆಯ ಆರತಕ್ಷತೆಯ ಫೋಟೋದಲ್ಲಿ ಭಾವನವರು ಆ ಬ್ಲೇಜರಿನಲ್ಲಿದ್ದಾರೆ. ಆಮೇಲೆ ಅದನ್ನು ಅವರು ತೊಟ್ಟದ್ದನ್ನು ನಾನು ಕಂಡಿಲ್ಲ. ನುಸಿಗುಳಿಗೆಯ ವಾಸನೆಯಲ್ಲಿ ಟ್ರಂಕಿನಲ್ಲಿ ಮಲಗಿದೆ.

ಈ ವರ್ಷ ನಾನು ಹೋದಾಗ ಭಾವನವರ ಮೊಮ್ಮಗನೂ ರಜಕ್ಕೆ ಬಂದಿದ್ದ. ಹದಿನೇಳು ವರ್ಷ, ಕಾಲೇಜು ಸೇರಿದ್ದಾನೆ, ಕುಸ್ತಿಯ ಹುಚ್ಚು ಅವನಿಗೂ ಅಂಟಿದೆ. ಅವನ ಕುಸ್ತಿ ಪೂರಾ ಮ್ಯಾಟಿನದು. ಅಜ್ಜನೂ ಮೊಮ್ಮಗನೂ ಮಂಟಪದಲ್ಲಿ ಕೂತು ವಾದಕ್ಕೆ ಬಿದ್ದರು. ಕಾನೂನು ಎಷ್ಟು ಸಲ ಬದಲಾಯಿತೆಂದು ಹುಡುಗ ಲೆಕ್ಕ ಕೊಟ್ಟ. 2005ರಿಂದ ಎರಡೆರಡು ನಿಮಿಷದ ಸುತ್ತುಗಳು ಬಂದವು, ಮೂರರಲ್ಲಿ ಎರಡು ಗೆದ್ದವನಿಗೆ ಜಯ. ಸುತ್ತಿನಲ್ಲಿ ಯಾರಿಗೂ ಪಾಯಿಂಟು ಬಾರದಿದ್ದರೆ ಬಣ್ಣದ ಚೆಂಡು ಎತ್ತಿ, ಯಾರು ಯಾರ ಕಾಲು ಹಿಡಿಯಬೇಕೆಂದು ತೀರ್ಮಾನಿಸುವುದು. "ಲಾಟರಿ!" ಎಂದರು ಭಾವನವರು. 2013ರ ಫೆಬ್ರವರಿಯಲ್ಲಿ ಒಲಿಂಪಿಕ್ಸಿನಿಂದ ಕುಸ್ತಿಯನ್ನೇ ಕೈಬಿಡುವ ಮಾತು ಬಂದಾಗ ಕುಸ್ತಿಯ ದೊಡ್ಡವರು ಎಚ್ಚೆತ್ತು ಅದನ್ನೆಲ್ಲ ತೆಗೆದುಹಾಕಿ, ಮೂರು ಮೂರು ನಿಮಿಷದ ಎರಡು ಸುತ್ತು ಮಾಡಿ, ಪಾಯಿಂಟುಗಳನ್ನೆಲ್ಲ ಒಟ್ಟಿಗೆ ಕೂಡುವ ಪದ್ಧತಿ ತಂದರು. ಸೆಪ್ಟೆಂಬರಿನಲ್ಲಿ ಕುಸ್ತಿ ಉಳಿಯಿತು.

"ಈಗ ಚಿತ್ ಅಂದರೆ ಬರೀ ಬೆನ್ನು ಮುಟ್ಟಿದರೆ ಸಾಲದು ತಾತ. ಎರಡು ಹೆಗಲನ್ನೂ ಹಿಡಿದು ಒತ್ತಿರಬೇಕು, ರೆಫರಿ ನೋಡೋವಷ್ಟು ಹೊತ್ತು."

"ಅದೇ ನಾನು ಹೇಳೋದು. ಮಣ್ಣಿನಲ್ಲಿ ಮುಟ್ಟಿದರೆ ಮುಗೀತು. ಮ್ಯಾಟಿನಲ್ಲಿ ಮುಟ್ಟೋದು ಬೇರೆ, ಹಿಡಿಯೋದು ಬೇರೆ" ಎಂದರು ಭಾವನವರು. ಈ ಮಾತನ್ನು ಅವರು ಹಿಂದೆಯೂ ಎಷ್ಟೋ ಸಲ ಹೇಳಿದ್ದರು. ಆದರೆ ಆ ಸಂಜೆ ಅದನ್ನು ಸ್ವಲ್ಪ ಜೋರಾಗಿ ಹೇಳಿದರೆಂದು ನನಗೆ ತೋರಿತು.

"ರೆಫರಿ ನೋಡದೇ ಹೋದರೂ ಪರವಾಗಿಲ್ಲ. ಕೋಚು ಮ್ಯಾಟಿನ ಮೇಲೆ ಸ್ಪಂಜಿನ ತುಂಡು ಎಸೀತಾರೆ. ಚಾಲೆಂಜು. ವಿಡಿಯೋ ಹಾಕಿ ನೋಡ್ತಾರೆ. ಚಾಲೆಂಜು ತಪ್ಪಾದರೆ ಎದುರಾಳಿಗೆ ಒಂದು ಪಾಯಿಂಟು." ಹುಡುಗ ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಏನೂ ಅರಿಯದೆ ಕೇಳಿದ: "ನಿಮ್ಮ ಆ 1970ರ ಕುಸ್ತಿಯಲ್ಲಿ ಚಾಲೆಂಜು ಇದ್ದಿದ್ದರೆ ಏನಾಗ್ತಿತ್ತು ತಾತ?"

ಭಾವನವರು ಉತ್ತರ ಹೇಳಲಿಲ್ಲ. ಮಂಡಿಯನ್ನು ಎರಡೂ ಕೈಯಿಂದ ಉಜ್ಜಿಕೊಂಡರು. ಆಮೇಲೆ ಮೊಮ್ಮಗನ ಕಡೆಗಲ್ಲ, ನನ್ನ ಕಡೆ ತಿರುಗಿ, "ನೀನು ಆ ಮೂಲೆಯಲ್ಲಿ ಕೂತಿದ್ದೆಯಲ್ಲ. ಎರಡನೇ ಸುತ್ತಿನಲ್ಲಿ ನಿನಗೆ ಕಂಡಿತೇನಯ್ಯ?" ಎಂದರು.

ಐವತ್ತು ವರ್ಷದಲ್ಲಿ ಅವರು ನನ್ನನ್ನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು. ನಾನು ಸಾವಿರ ಸಲ ಕೇಳಿಕೊಂಡಿದ್ದೆ.

ಕಂಡಿತ್ತು. ಎರಡನೆಯ ಸುತ್ತಿನ ನಡುವೆ ಆ ಹುಡುಗ ಅವರ ಕಾಲನ್ನು ಸೆಳೆದು ಕೆಡವಿ, ಮೇಲೆ ಬಿದ್ದು ತಿರುಗಿಸಿದ. ನಾನು ನೆಲದ ಮೇಲೆ ಕೂತಿದ್ದರಿಂದ ನನ್ನ ಕಣ್ಣು ಮ್ಯಾಟಿನ ಮಟ್ಟಕ್ಕೇ ಇತ್ತು. ಅವರ ಬೆನ್ನಿಗೂ ಕ್ಯಾನ್ವಾಸಿಗೂ ನಡುವೆ ಒಂದು ಬೆಳಕಿನ ಗೆರೆ ಕಾಣುತ್ತಿತ್ತು. ಅದು ಸಣ್ಣದಾಗುತ್ತ ಬಂದು ಆರಿಹೋಯಿತು. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಎರಡು ಹೆಗಲೂ ಮ್ಯಾಟಿನ ಮೇಲಿದ್ದವು. ಬರಿಯ ಮುಟ್ಟಿದ್ದಲ್ಲ, ಒತ್ತಿದ್ದು. ರೆಫರಿ ಆ ಹುಡುಗನ ಬೆನ್ನ ಹಿಂದೆ ಇದ್ದರು. ಮೇಜಿನವರು ಕಾಗದದ ಮೇಲೆ ಬಗ್ಗಿದ್ದರು. ಭಾವನವರು ಕೊಸರಿಕೊಂಡು ಉರುಳಿದರು. ಹುಡುಗ ಕೈಬಿಟ್ಟು ರೆಫರಿಯ ಮುಖ ನೋಡಿದ. ಅವರು, "ನಡೀಲಿ" ಎಂದು ಸನ್ನೆ ಮಾಡಿದರು. ಅವನು ತಬ್ಬಿಬ್ಬಾಗಿ ಸುತ್ತಲೂ ನೋಡಿದ. ಅವನ ಕಣ್ಣು ನನ್ನ ಮೇಲೆ ಬಂದು ನಿಂತಿತು. ನಾನು ನೋಡಿದೆನೆಂಬುದು ಅವನಿಗೆ ತಿಳಿಯಿತು.

ನಾನು ಎದ್ದುನಿಂತು ಹೇಳಬಹುದಾಗಿತ್ತು. ಹೇಳಿದ್ದರೆ ಯಾರು ಕೇಳುತ್ತಿದ್ದರೋ, ಅದು ಬೇರೆ ಮಾತು. ನಾನು ಮಾಡಿದ್ದೇನೆಂದರೆ, ಕಣ್ಣು ತಪ್ಪಿಸಿ, ಮೊದಲಿಗಿಂತ ಜೋರಾಗಿ, "ಏಳಣ್ಣಾ, ಏಳು!" ಎಂದು ಕೂಗಿದ್ದು.

ಪಂದ್ಯ ಮುಗಿದಮೇಲೆ ಅವನು ಮ್ಯಾಟನ್ನು ಮುಟ್ಟಿ ಹಣೆಗೊತ್ತಿಕೊಂಡು, ಚೀಲ ತೆಗೆದುಕೊಂಡು ಹೊರಟುಹೋದ. ಭಾವನವರ ಬೆನ್ನು ಕನ್ನಡಿಯಂತೆ ಶುಭ್ರವಾಗಿತ್ತು. ಮಣ್ಣಿನ ಕಣವಾಗಿದ್ದರೆ!

"ಕಂಡಿತ್ತು ಭಾವ" ಎಂದೆ.

ಅವರು ತಲೆಯಾಡಿಸಿದರು. "ನನಗೂ ಗೊತ್ತಾಗಿತ್ತು. ಬೆನ್ನಿಗೆ ಗೊತ್ತಾಗದೆ ಇರುತ್ತದೆಯೇ? ಆಗಲೇ ಎದ್ದು ಕೈ ಕೊಟ್ಟುಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ನೀನು 'ಏಳಣ್ಣಾ' ಅಂತ ಕೂಗಿದೆ. ಇವನು ಅಲ್ಲೇ ಕೂತಿದ್ದಾನೆ, ಇವನಿಗೇ ಕಾಣಲಿಲ್ಲ ಅಂದಮೇಲೆ ಹತ್ತಿರಲಿಕ್ಕಿಲ್ಲ ಅಂದುಕೊಂಡೆ. ಅಂದುಕೊಳ್ಳೋದು ಸುಲಭವಾಗಿತ್ತು."

ಓದುಗರೇ, ಈ ಮಾತನ್ನು ನಾನು ನಿರೀಕ್ಷಿಸಿರಲಿಲ್ಲ. ತಪ್ಪು ಅವರದು, ನಾನು ಅದನ್ನು ಮುಚ್ಚಿಟ್ಟ ಗೆಳೆಯನೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ನನ್ನ ಆ ಒಂದು ಕೂಗು ಅವರ ಮನಸ್ಸಾಕ್ಷಿಯ ಮೇಲೂ ಬಿದ್ದು ಅದನ್ನು ಚಿತ್ ಮಾಡಿತ್ತೆಂಬುದು ನನಗೆ ಗೊತ್ತಿರಲಿಲ್ಲ.

"ಹಾಗಾದರೆ ನೀವು ಸೋತಿದ್ರಾ ತಾತ?" ಎಂದ ಹುಡುಗ.

"ಸೋತಿದ್ದೆ ಕಣೋ. ಬ್ಲೇಜರ್ ಮಾತ್ರ ನನಗೆ ಬಂತು." ಸ್ವಲ್ಪ ತಡೆದು ಹೇಳಿದರು: "ಒಂದು ಜಾತ್ರೆ ಕುಸ್ತಿಯಲ್ಲಿ ಪಂಚರ ನಡುವೆ ಅವನ ಹಾಗೇ ಇದ್ದ ಒಬ್ಬರನ್ನ ನೋಡಿದೆ. ಉದ್ದ ತೋಳು. ಹತ್ತಿರ ಹೋಗಿ ಕೇಳಬೇಕು ಅಂತ ಎರಡು ಸಲ ಎದ್ದೆ. ಕೇಳಲಿಲ್ಲ."

ಕತ್ತಲಾಗುತ್ತ ಬಂದಿತ್ತು. ಮೂವರೂ ಮನೆಗೆ ಬಂದೆವು. ಹುಡುಗ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಎಲ್ಲವನ್ನೂ ಅಜ್ಜಿಗೆ ಹೇಳಿಬಿಟ್ಟ. ಅಕ್ಕ ಕಾಫಿ ಸೋಸುತ್ತಿದ್ದವಳು ತಲೆ ಕೂಡ ಎತ್ತಲಿಲ್ಲ. "ಅದೇನು ಹೊಸದೇ? ಮದುವೆಯಾದ ವಾರಕ್ಕೇ ನನ್ನ ಹತ್ತಿರ ಹೇಳಿಕೊಂಡಿದ್ದರು. ಇಲ್ಲದಿದ್ದರೆ ಆ ಕೋಟನ್ನ ಯಾಕೆ ಟ್ರಂಕಿನಲ್ಲಿ ಇಡ್ತಿದ್ದೆ?" ಎಂದಳು. ಆಮೇಲೆ ಲೋಟವನ್ನು ನನ್ನ ಮುಂದಿಟ್ಟು, ನನ್ನ ಮುಖವನ್ನೇ ನೋಡುತ್ತ, "ನೀನು ನೋಡಿದ್ದೆ ಅನ್ನೋದು ಮಾತ್ರ ನನಗೆ ಗೊತ್ತಿರಲಿಲ್ಲ ಕಣೋ" ಎಂದಳು.

ಅವಳು ಅದನ್ನು ಕೋಪದಿಂದ ಹೇಳಲಿಲ್ಲ. ಆದರೂ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಭಾವನವರು ಗರಡಿಯಲ್ಲಿ ಬೆಳೆದವರು. ಮಣ್ಣು ಹತ್ತಿದ್ದನ್ನು ಹತ್ತಿತೆಂದು ಹೆಂಡತಿಯೆದುರಿಗಾದರೂ ಒಪ್ಪಿಕೊಂಡು ಹಗುರವಾಗಿದ್ದರು. ಕಣಕ್ಕೇ ಇಳಿಯದ ನನ್ನ ಬೆನ್ನಿನ ಮೇಲೆ ಆ ಮಣ್ಣು ಇಷ್ಟು ವರ್ಷ ಕೂತಿತ್ತು.

ಮಾರನೆಯ ದಿನ ಭಾವನವರು ತರೀಕೆರೆ ಸ್ಟೇಷನ್ನಿನವರೆಗೂ ಬಂದರು. ರೈಲು ತಡವಾಗಿತ್ತು. ಕುಸ್ತಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಡಿಕೆಯ ಧಾರಣೆ, ಮಳೆ ಎಂದು ಹೊತ್ತು ಕಳೆದೆವು. ರೈಲು ಬಂದಮೇಲೆ ಕಿಟಕಿಯ ಹತ್ತಿರ ನಿಂತು ಅವರು, "ನೀನು ಪೇಪರಿಗೆ ಬರೀತೀಯಲ್ಲ, ಇದನ್ನೂ ಬರೆ. ನನ್ನ ಮಾನ ಹೋಗುತ್ತೆ ಅಂತ ಹಿಂದೆಮುಂದೆ ನೋಡಬೇಡ. ಅವನು ಎಲ್ಲಾದರೂ ಓದಬಹುದು" ಎಂದರು.

ಅದಕ್ಕಾಗಿ ಬರೆದಿದ್ದೇನೆ. 1970ರಲ್ಲಿ ಕಾಲೇಜು ಹುಡುಗರ ಆ ಕೊನೆಯ ಪಂದ್ಯದಲ್ಲಿ ನೀಲಿ ಚಡ್ಡಿ ಉಟ್ಟು, ಬಟ್ಟೆಯ ಚೀಲ ಹಿಡಿದು ಒಬ್ಬರೇ ಬಂದಿದ್ದವರು ಈ ಪುಟವನ್ನು ಓದುತ್ತಿದ್ದರೆ ಅವರಲ್ಲಿ ಒಂದು ಮಾತು. ಎರಡನೆಯ ಸುತ್ತಿನಲ್ಲಿ ಗೆದ್ದವರು ತಾವು. ಮೂಲೆಯಲ್ಲಿ ಕೂತಿದ್ದವನು ನಾನು. ನಾನು ನೋಡಿದ್ದೆ.